ತವರುಗಲ್ಲು ಕೊಲ್ಲಿ

ಪಡುಗಡಲಿನಲ್ಲಿ ಬೆಳ್ಗಲ್ಲು ಅಂತ ಒಂದು ಪುಟ್ಟ ದೇಶ. ದೇಶ ಅನ್ನುವುದಕ್ಕಿಂತ ನೀರಿನಿಂದ ಎದ್ದ ಸುಣ್ಣಕಲ್ಲಿನ ಹಾಸು ಅನ್ನಬಹುದು. ಚಿನ್ನ, ಕಬ್ಬಿಣ, ಕರಿಕಲ್ಲು ಯಾವುದೂ ಇಲ್ಲ. ಬಿದ್ದ ಮಳೆ ಬಂಡೆಯ ತೂತುಗಳಲ್ಲಿ ಇಳಿದುಹೋಗುವುದರಿಂದ ಹೊಳೆಯೂ ಇಲ್ಲ. ಕಲ್ಲು ಎಷ್ಟು ಮೆತ್ತಗೆಂದರೆ ಗರಗಸದಲ್ಲಿ ಕೊಯ್ದು ಮನೆ ಕಟ್ಟುತ್ತಾರೆ. ಇದರ ಮೂಡಣ ಅಂಚಿನ ಕೊಲ್ಲಿಗೆ ತವರುಗಲ್ಲು ಎಂದು ಹೆಸರು.

ಹಿಂದೆ ಒಮ್ಮೆ, ಕಲ್ಲು ಕೊಯ್ಯುವ ಜಟ್ಟಪ್ಪ ಎಂಬವನು ಮೂಡಲಿನ ಆಚೆ ದಡದಿಂದ ಮಾದೇವಿಯನ್ನು ಮದುವೆಯಾಗಿ ತಂದನಂತೆ. ಬಂದವಳು ಮೀನುಸಾರಿಗೆ ಮಸಾಲೆ ಅರೆದಳು. ಒರಳೂ ಸುಣ್ಣಕಲ್ಲಿನದೇ, ಕಾಯಿಗಿಂತ ಮೊದಲು ಒರಳೇ ನುಣ್ಣಗಾಯಿತು. ಹಲ್ಲಿಗೆ ಕರಕರ ಅನ್ನುವ ಸಾರನ್ನು ಮನೆಯವರೆಲ್ಲ ಚಪ್ಪರಿಸಿ ಉಂಡರು. ಮಾದೇವಿ ಮಾತ್ರ ಬಟ್ಟಲು ಸರಿಸಿದಳು. "ತವರಲ್ಲಿ ಕಲ್ಲಿಲ್ಲದ ಬರೀ ಸಾರು ಉಂಡು ಇವಳ ಹಲ್ಲು ಮೆತ್ತಗಾಗಿದೆ," ಅಂದಳು ಅತ್ತೆ. ಮಾದೇವಿ ದಿನಾ ಸಂಜೆ ಕೊಲ್ಲಿಯ ದಡದಲ್ಲಿ ಕೂತು, ಕಣ್ಣು ಕುಕ್ಕುವ ಆ ಬಿಳುಪಿನ ನಡುವೆ, ಅವ್ವನ ಮನೆಯ ಕರಿ ಒರಳಿನ ತಂಪನ್ನು ನೆನೆಯುತ್ತಿದ್ದಳು. ಜಟ್ಟಪ್ಪ ಸೋತ. ದ್ವೀಪಕ್ಕಿದ್ದ ಒಂದೇ ದೊಡ್ಡ ದೋಣಿಯಲ್ಲಿ ಹೋಗಿ ಕರಿ ಒರಳು ತರುತ್ತೇನೆ, ಮುಂದಿನ ಸಲ ನಿನ್ನನ್ನೇ ಅವ್ವನ ಹತ್ತಿರ ಕರೆದೊಯ್ಯುತ್ತೇನೆ ಅಂದ. ಸುದ್ದಿ ಕೇಳಿ ಊರ ಹೆಂಗಸರೆಲ್ಲ ತಮಗೂ ಒಂದೊಂದು ಹೇಳಿದರು. ಅತ್ತೆ ಎರಡು ಹೇಳಿದಳು.

ಬೆಳ್ಗಲ್ಲಿನವರು ಕಲ್ಲನ್ನು ತೂಗಿದವರಲ್ಲ, ಕಣ್ಣಲ್ಲೇ ಅಳೆಯುವವರು. ತಮ್ಮ ಹಗುರ ಕಲ್ಲನ್ನು ಪೇರಿಸುವ ಎತ್ತರಕ್ಕೇ ಜಟ್ಟಪ್ಪ ಕರಿ ಒರಳುಗಳನ್ನೂ ಪೇರಿಸಿದ. ದೋಣಿ ಅಂಚಿನವರೆಗೂ ಇಳಿದಾಗ, ಇಲ್ಲಿನ ನೀರೇ ತೆಳು ಅಂದುಕೊಂಡ. ಕಡಲು ಮರ್ಯಾದೆಯಿಂದ ಅವನನ್ನು ಕೊಲ್ಲಿಯವರೆಗೂ ಬಿಟ್ಟಿತು. ಅಲ್ಲಿ ಹೆಂಡತಿಯನ್ನು ಕಂಡು ಕೈಬೀಸಲು ಎದ್ದುನಿಂತ. ದೋಣಿ ಸದ್ದಿಲ್ಲದೆ ಮುಳುಗಿ, ತಳದ ಬಂಡೆಗೆ ಬಡಿದು ಒಡೆಯಿತು. ಈಜಿ ಬಂದವನು ಉಪ್ಪುನೀರು ಉಗುಳಿ, ತಂದಿದ್ದೇನೆ, ಅಲ್ಲಿದೆ ಅಂದನಂತೆ. ಮಾದೇವಿಗೆ ನಗು ಬಂತು. ಆಮೇಲೆ ನೆನಪಾಯಿತು, ಇನ್ನೊಂದು ದೋಣಿ ಕಟ್ಟುವಂಥ ಮರ ಈ ಕಲ್ಲಿನ ಮೇಲೆ ಬೆಳೆಯುವುದಿಲ್ಲ. ನಗು ನಿಂತಿತು.

ನೀರಿಳಿದ ಮೇಲೆ ಜಟ್ಟಪ್ಪ ಹಗ್ಗ ತಂದ. ಒಂದು ಒರಳನ್ನಾದರೂ ಎಳೆಯೋಣ ಅಂದ.

"ಬೇಡ, ಬಿಡಿ," ಅಂದಳು ಮಾದೇವಿ. "ಅವೂ ನನ್ನ ಹಾಗೇ ಬಂದವು. ಅಷ್ಟಾದರೂ ತವರಿಗೆ ಹತ್ತಿರ ಇರಲಿ."

ಕೊನೆಯವರೆಗೂ ಅವಳು ಕರಕರ ಸಾರನ್ನೇ ಉಂಡಳು ಎನ್ನುತ್ತಾರೆ.

ಇಂದಿಗೂ ಇಳಿತದ ಹೊತ್ತಿಗೆ ಹೋದವರಿಗೆ ಬಿಳಿ ತಳದ ಮೇಲೆ ಕರಿ ಒರಳುಗಳು ಕಾಣುತ್ತವೆ. ಕಡಲು ಅವಕ್ಕೂ ಸುಣ್ಣ ಹಿಡಿಸಿ ಬೆಳ್ಳಗೆ ಮಾಡಲು ನೋಡುತ್ತದೆ. ಬೇರೆ ಊರಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳು ಸೊಂಟದ ಮಟ್ಟದ ನೀರಿಗಿಳಿದು, ತೆಂಗಿನ ನಾರಿನಲ್ಲಿ ಉಜ್ಜಿ ಉಜ್ಜಿ ಮತ್ತೆ ಕಪ್ಪು ಮಾಡುತ್ತಾರೆ. ಆಮೇಲೆ ಮೂಡಲಿಗೆ ಮುಖ ಮಾಡಿ ನಿಲ್ಲುತ್ತಾರೆ. ಮನೆಯಲ್ಲಿ ಸಾರು ಆರುತ್ತಿರುತ್ತದೆ. ಆ ಹೊತ್ತಿನಲ್ಲಿ ಅವರನ್ನು ಯಾರೂ ಕರೆಯುವುದಿಲ್ಲ.