ಮಾಳವ್ವನ ಅಡಕಲು

ನವಲಗುಂಟಿಯಿಂದ ಹೊಳೆಯ ಕಡೆಗೆ ಹೋಗುವ ಬಂಡಿದಾರಿಯಲ್ಲಿ, ಊರಿನ ಕೊನೆಯ ಮನೆ ದಾಟಿದ ಮೇಲೆ ಎಡಗಡೆಗೆ ಮಾಳವ್ವನ ಅಡಕಲು ಎಂಬ ಗುಡ್ಡ ಕಾಣುತ್ತದೆ. ಹೆಸರು ಕೇಳಿ ಬಂದವರು ಇಷ್ಟೇನಾ ಎಂದು ಮೂಗು ಮುರಿಯುವಷ್ಟು ಸಣ್ಣ ಗುಡ್ಡ. ಅದರ ನೆತ್ತಿಯ ಮೇಲೆ ಮಾತ್ರ ಐದು ದುಂಡು ಬಂಡೆಗಳು ಒಂದರ ಮೇಲೊಂದು ಕೂತಿವೆ. ಕೆಳಗಿನದು ಎಲ್ಲಕ್ಕಿಂತ ದೊಡ್ಡದು, ಮೇಲಕ್ಕೆ ಹೋದಂತೆ ಸಣ್ಣವು. ತುದಿಯದು ಮೊಸರಿನ ಗಡಿಗೆಯಷ್ಟೇ ಇದೆ. ಎಷ್ಟು ಗಾಳಿ ಬೀಸಿದರೂ ಅವು ಅಲುಗಿದ್ದನ್ನು ಕಂಡವರಿಲ್ಲ. ಗುಡ್ಡದ ಬುಡದಲ್ಲಿ, ದಾರಿಗೆ ತಾಗಿಕೊಂಡೇ, ಗರಸಿನ, ಎಂದರೆ ನುಣುಪಾದ ಸಣ್ಣ ಹರಳುಕಲ್ಲುಗಳ, ದೊಡ್ಡ ರಾಶಿಯಿದೆ. ಅಂಥ ಗರಸು ಸಿಗುವುದು ಎರಡು ಹರದಾರಿ ಆಚೆಯ ಹೊಳೆದಂಡೆಯಲ್ಲಿ. ಅದು ಇಲ್ಲಿಗೆ ಹೇಗೆ ಬಂತೆಂದು ಕೇಳಿದರೆ ಊರಿನ ಹೆಂಗಸರು ಮೊದಲು ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಾರೆ, ಆಮೇಲೆ ಹೇಳುತ್ತಾರೆ.

ಅಡಕಲು ಎಂದರೇನೆಂದು ಈಗಿನ ಮಕ್ಕಳಿಗೆ ಗೊತ್ತಿಲ್ಲ. ಹಿಂದೆ ಆ ಸೀಮೆಯ ಮಣ್ಣಿನ ಮನೆಗಳಲ್ಲಿ ಪಡಸಾಲೆಯ ಮೂಲೆಗೆ ಕಾಳಿನ ಗಡಿಗೆಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ತಳದಲ್ಲಿ ಜೋಳ, ಅದರ ಮೇಲೆ ತೊಗರಿ, ಕಡಲೆ, ಹೆಸರು, ತುದಿಯಲ್ಲಿ ಬೆಲ್ಲ. ಆ ಗಡಿಗೆಗಳಿಗೆ ಕೆಮ್ಮಣ್ಣು ಬಳಿದು, ಸುಣ್ಣದಲ್ಲಿ ಬಳ್ಳಿ, ಗಿಳಿ, ತೇಲುಗಣ್ಣಿನ ಮೀನು ಬರೆಯುವುದು ಹೆಂಗಸರ ಕೈಚಳಕ. ಹೆಣ್ಣು ನೋಡಲು ಬಂದವರು ಹುಡುಗಿಯ ಮುಖಕ್ಕಿಂತ ಮೊದಲು ಅಡಕಲನ್ನು ನೋಡುತ್ತಿದ್ದರು ಎನ್ನುತ್ತಾರೆ. ಗಂಡಿನ ಕಡೆಯ ಹಿರಿಯಳು ತಳದ ಗಡಿಗೆಗಳಿಗೆ ಕುಂಕುಮ ಹಚ್ಚಿ, ಬೆರಳಗೆಣ್ಣಿನಿಂದ ಮೆಲ್ಲಗೆ ತಟ್ಟಿ, "ತುಂಬಿರಲಿ" ಎಂದು ಹರಸಬೇಕು. ಹರಕೆಯ ನೆಪದಲ್ಲಿ ಪರೀಕ್ಷೆಯೂ ಆಗುತ್ತಿತ್ತೆನ್ನಿ. ತುಂಬಿದ ಗಡಿಗೆ ದಪ್ಪನೆ ಸದ್ದು ಮಾಡುತ್ತದೆ, ಬರಿದಾದದ್ದು ಟಣ್ಣೆನ್ನುತ್ತದೆ.

ಊರಿಗೆಲ್ಲ ಚಂದದ ಅಡಕಲು ಮಾಳವ್ವನದು. ಅವಳ ಮನೆಗೆ ಅಡಕಲಮನೆ ಎಂದೇ ಹೆಸರು. ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ಜೋಡಿಯಲ್ಲಿ ಒಂದು ಎತ್ತು ಸತ್ತು, ಹೊಲ ಅರ್ಧ ಬೀಳು ಬಿದ್ದಿತ್ತು. ಒಂದೊಂದೇ ಗಡಿಗೆ ಬರಿದಾದ ಹಾಗೆ ಅವಳು ಒಂದೊಂದು ಬಳ್ಳಿ ಹೆಚ್ಚು ಬರೆದಳು. ತಾಯಿ ಮಗಳು ಅಂಬಲಿ ಕುಡಿದು ಮಲಗುತ್ತಿದ್ದ ದಿನಗಳಲ್ಲೂ ಬೆಳಿಗ್ಗೆ ಹೊಸ್ತಿಲಿಗೆ ಕೆಮ್ಮಣ್ಣು, ಗೋಡೆಗೆ ಸುಣ್ಣದ ಪಟ್ಟಿ ತಪ್ಪುತ್ತಿರಲಿಲ್ಲ. ನೋಡಿದವರು ಗಂಡಸಿಲ್ಲದ ಮನೆಯಾದರೂ ಎಷ್ಟು ಹಸನಾಗಿದೆ ಎಂದು ಹೊಗಳಿದರೆ, ಆ ಹೊಗಳಿಕೆಯೇ ಅವಳಿಗೆ ಅಂದಿನ ಊಟ.

ಹೀಗಿರುವಾಗ ಹೊಳೆಯಾಚೆಯ ಊರಿನಿಂದ ಮಗಳು ಪಾರಿಯನ್ನು ನೋಡಲು ಬರುತ್ತೇವೆಂದು ಹೇಳಿಕಳಿಸಿದರು. ಹುಡುಗ ದುಡಿಯುವವನು, ಮನೆತನ ಒಳ್ಳೆಯದು. ಈ ಸಂಬಂಧ ತಪ್ಪಿದರೆ ಇನ್ನೊಂದು ಬರುತ್ತದೆಂಬ ಭರವಸೆ ಮಾಳವ್ವನಿಗಿರಲಿಲ್ಲ. ಅವಳು ಮಗಳನ್ನು ಕರೆದುಕೊಂಡು ಹೊಳೆದಂಡೆಗೆ ಹೋಗಿ ಬುಟ್ಟಿಗಟ್ಟಲೆ ಗರಸು ಹೊತ್ತು ತಂದಳು. ಐದನ್ನೂ ತುಂಬುವಷ್ಟು ತ್ರಾಣವಿರಲಿಲ್ಲ. ಕೈಗೆ ಎಟುಕುವ ತಳದ ಎರಡನ್ನು ತುಂಬಿದಳು.

"ಯವ್ವಾ, ಕಾಳಿಲ್ಲ ಅಂತ ಹೇಳಿದ್ರ ಏನಾಗ್ತೈತಿ?" ಎಂದಳು ಪಾರಿ.

"ಹೇಳಿದ್ರ ನಗ್ತಾರ. ನಿಮ್ಮಪ್ಪನ ಮರ್ಯಾದಿ ಈ ಗಡಿಗ್ಯಾಗ ಐತಿ, ಸುಮ್ನ ಸುರುವು."

ಬೀಗರಾಗುವವರು ಬಂದರು. ಹುಡುಗನ ಅಜ್ಜಿ ತಿಪ್ಪವ್ವ, ಅವಳ ಸೊಸೆ, ಇಬ್ಬರು ಗಂಡಸರು. ತಿಪ್ಪವ್ವ ಒಳ್ಳೆಯ ಸೀರೆ ಉಟ್ಟು, ಎಲೆಯಡಿಕೆಯ ಸಂಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಮನೆಯನ್ನೆಲ್ಲ ಕಣ್ತುಂಬ ನೋಡಿದಳು. ತಳದ ಗಡಿಗೆಯನ್ನು ತಟ್ಟಿದಳು. ದಪ್ಪನೆ ಸದ್ದು ಬಂತು. "ತುಂಬಿದ ಮನಿ ತಂಗಿ, ತುಂಬೇ ಇರ್ಲಿ" ಎಂದು ಪಾರಿಯ ಗದ್ದ ಹಿಡಿದಳು. ಮಾಳವ್ವನ ಎದೆಯ ಮೇಲಿನ ಕಲ್ಲು ಇಳಿಯಿತು. ಮಾತು ಅರ್ಧ ಮುಗಿದಂತೆಯೇ ಆಯಿತು.

ಗಂಡಸರು ಕಟ್ಟೆಗೆ ಹೋದ ಮೇಲೆ ತಿಪ್ಪವ್ವ ಮಾಳವ್ವನನ್ನು ಅಡಕಲಿನ ಹತ್ತಿರಕ್ಕೇ ಕರೆದಳು. ದನಿ ತಗ್ಗಿಸಿ, ಸೆರಗಿನ ಎರಡು ತುದಿ ಹಿಡಿದು ಮುಂದೆ ಒಡ್ಡಿದಳು. "ಕೇಳಾಕ ನಾಲಿಗಿ ಏಳವಲ್ದು. ಈ ಸಲ ಹೊಳಿ ಏರಿ ಬಂದು ನೆಲದಾಗಿನ ನಮ್ಮ ಕಾಳಿನ ಹಗೇವಿಗೆ ನೀರು ನುಗ್ಗಿ, ಬೀಜದ ಜ್ವಾಳ ಎಲ್ಲಾ ಕೊಳತು ಹೋತು. ಹಿಂಗಾರಿ ಬಿತ್ತಾಕ ಒಂದು ಗಡಿಗಿ ಜ್ವಾಳ ಕೊಡು. ಸುಗ್ಗಿಗೆ ಎರಡು ಗಡಿಗಿ ತಂದು ಸುರುವ್ತೀನಿ."

ಮಾಳವ್ವನ ಕಿವಿ ಬಿಸಿಯಾದವು. ಕಾಳೇ ಇಲ್ಲ ಎನ್ನಬಹುದಿತ್ತು. ಆ ಒಂದು ಮಾತು ಗಂಟಲಿನ ತನಕ ಬಂದು, ಈಗತಾನೇ ದಪ್ಪನೆ ಸದ್ದು ಮಾಡಿದ ಗಡಿಗೆಯನ್ನು ನೋಡಿ ಹಿಂದೆ ಸರಿಯಿತು. "ಅಡಕಲು ಹೂಡಿದ ಮ್ಯಾಲ ಲಗ್ನ ಆಗೂಮಟ ಇಳಸಬಾರದು ಅಂತ ನಮ್ಮ ಮನ್ಯಾಗ ಪದ್ಧತಿ ಐತಕ್ಕ" ಎಂದಳು. ಅಂಥ ಪದ್ಧತಿ ಆ ಮನೆಯಲ್ಲಾಗಲಿ, ಊರಲ್ಲಾಗಲಿ, ಎಂದೂ ಇರಲಿಲ್ಲ. ತಿಪ್ಪವ್ವ ಒಡ್ಡಿದ ಸೆರಗನ್ನು ನಿಧಾನವಾಗಿ ಹಿಂದಕ್ಕೆ ಎಳೆದುಕೊಂಡು, ಮಡಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಆತು ತಂಗಿ. ಪದ್ಧತಿ ಮೀರಬಾರದು."

ಅವರು ಹೊರಟು ಸ್ವಲ್ಪ ಹೊತ್ತಾದ ಮೇಲೆ ಪಾರಿಗೆ ಅಡಕಲಿನ ಬುಡದಲ್ಲಿ ತಿಪ್ಪವ್ವನ ಸಂಚಿ ಸಿಕ್ಕಿತು. ಮಾಳವ್ವ ಅದನ್ನು ಹಿಡಿದುಕೊಂಡು ದಾರಿಗೆ ಓಡಿದಳು. ಬಿಸಿಲು ಇಳಿಯಲೆಂದು ಅವರು ಗುಡ್ಡದ ಬುಡದ ನೆರಳಿನಲ್ಲಿ ಕೂತಿದ್ದರು. ಗುಡ್ಡದ ಮರೆಯಿಂದಲೇ ತಿಪ್ಪವ್ವನ ಮಾತು ಕೇಳಿಸಿತು. "ಹುಡುಗಿ ಬಂಗಾರದಂಥಾಕಿ. ಆದ್ರ ತುಂಬಿದ ಗಡಿಗಿ ಮುಂದ ನಿಂತು ಬೀಜಕ್ಕ ಇಲ್ಲ ಅನ್ನೂ ಮನಿ ಅದು. ಇಲ್ಲದವ್ರ ಮನಿ ಆಗಿದ್ರ ಕಣ್ಣಿಗೊತ್ಕೊಂಡು ಹೆಣ್ಣು ತರ್ತಿದ್ದೆ. ಬ್ಯಾಡ ಬಿಡ್ರಿ."

ಮಾಳವ್ವ ಸಂಚಿಯನ್ನು ಎದೆಗೆ ಅವುಚಿಕೊಂಡು ನಿಂತಳು. ಬಡವಿ ಎನಿಸಿಕೊಳ್ಳಬಾರದೆಂದು ಮೂರು ವರ್ಷ ಹೆಣಗಿದವಳು ಈಗ ಜಿಪುಣಿಯಾಗಿದ್ದಳು. ಜಿಪುಣಿಯೂ ಅಲ್ಲ, ಸುಳ್ಳುಗಾತಿ. ಮುಂದೆ ಹೋಗಿ ಹೇಳಲು ಕಾಲು ಬರಲಿಲ್ಲ. ಮುಖ ತೋರಿಸದೆ ತಿರುಗಿ ಮನೆಗೆ ಬಂದಳು. ಪಡಸಾಲೆಯಲ್ಲಿ ಗಿಳಿಗಳೂ ಮೀನುಗಳೂ ತನ್ನನ್ನೇ ನೋಡುತ್ತಿದ್ದ ಹಾಗಾಯಿತು. ತನ್ನ ನಾಚಿಕೆಗೆ ಮಗಳ ಬಾಳು ಬಲಿಯಾಯಿತಲ್ಲ ಎಂದು ನೆಲಕ್ಕೆ ಕುಸಿದು ಅತ್ತಳು. ಪಾರಿ ಏನಾಯಿತೆಂದು ಕೇಳಿದಾಗ ಒಂದೂ ಬಿಡದೆ ಹೇಳಿದಳು. ಮಗಳು ಬೈಯಲಿಲ್ಲ. ತುದಿಯ ಗಡಿಗೆಯನ್ನು ಇಳಿಸಿ ಕೆಳಗಿಟ್ಟು, "ಅವರಿನ್ನೂ ಹೊಳಿ ದಾಟಿಲ್ಲ, ಏಳಬೇ" ಎಂದಳು.

ತಳದ ಗಡಿಗೆಯನ್ನು ಸಿಂಬೆಯ ಮೇಲಿಟ್ಟುಕೊಂಡು ಮಾಳವ್ವ ನಡುಬೀದಿಯಲ್ಲೇ ನಡೆದಳು. ಅಡಕಲಮನೆಯ ಗಡಿಗೆ ಹೊರಗೆ ಬಂದದ್ದನ್ನು ಕಂಡು ಓಣಿಯ ಹೆಂಗಸರು ಕೆಲಸ ಬಿಟ್ಟು ಹಿಂದೆ ಬಂದರು. ಅವಳು ಯಾರನ್ನೂ ನೋಡಲಿಲ್ಲ. ಗುಡ್ಡದ ಬುಡದಲ್ಲಿ, ತಿಪ್ಪವ್ವನ ಕಾಲ ಮುಂದೆ, ಎಲ್ಲರ ಕಣ್ಣೆದುರಿಗೆ ಗಡಿಗೆಯನ್ನು ಬೋರಲು ಹಾಕಿದಳು. ಗರಸು ಗಲಗಲ ಸುರಿಯಿತು.

"ಇದ ನೋಡಕ್ಕ ನನ್ನ ಜ್ವಾಳ" ಎಂದಳು.

ಯಾರೂ ನಗಲಿಲ್ಲ. ತಿಪ್ಪವ್ವ ಒಂದು ಹಿಡಿ ಗರಸು ಎತ್ತಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ತನ್ನ ಸೆರಗನ್ನು ಹಿಡಿದು ತೋರಿಸಿದಳು. "ಈ ಸೀರಿ ನಂದಲ್ಲ ತಂಗಿ. ನೆರಿಮನ್ಯಾಕಿದು. ಮಂದಿ ಸೆರಗು ಒಡ್ಡಿ ನಿನ್ನ ಬೇಡಿದೆ ನಾನು." ಅವಳ ಮುಖವೂ ಕೆಂಪೇರಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಾರದೆ ಗರಸನ್ನೇ ನೋಡುತ್ತ ಕೂತರು. ಪಾರಿಯ ಲಗ್ನ ಗಟ್ಟಿಯಾದದ್ದು ಆ ಗರಸಿನ ಮುಂದೆಯೇ.

ಮಾಳವ್ವ ಆ ಗಡಿಗೆಯನ್ನು ಮತ್ತೆ ಮನೆಗೆ ಒಯ್ಯಲಿಲ್ಲ. ಉಳಿದ ನಾಲ್ಕನ್ನೂ ಅಲ್ಲಿಗೇ ತಂದು, ಎರಡನೆಯದರ ಗರಸನ್ನೂ ಅಲ್ಲೇ ಸುರಿದಳು. ನನ್ನ ಸುಳ್ಳು ದಾರಿಯಲ್ಲಿ ಹೋಗುವವರಿಗೆಲ್ಲ ಕಾಣಲಿ ಎಂದು ಐದನ್ನೂ ಗುಡ್ಡದ ನೆತ್ತಿಯ ಮೇಲೆ ಪೇರಿಸಿದಳು. ಬೆಳಗಾಗುವುದರೊಳಗೆ ಅವು ಬಂಡೆಗಳಾಗಿದ್ದವು ಎನ್ನುತ್ತಾರೆ. ಅದನ್ನು ನಂಬುವುದು ಬಿಡುವುದು ಕೇಳುವವರಿಗೆ ಬಿಟ್ಟದ್ದು. ಆದರೆ ಆ ನಸುಕಿನಲ್ಲಿ ಇನ್ನೊಂದು ನಡೆಯಿತು. ಮಾಳವ್ವ ಸುರಿದದ್ದು ಎರಡು ಗಡಿಗೆ ಗರಸು. ಬೆಳಿಗ್ಗೆ ನೋಡಿದರೆ ಅಲ್ಲಿ ಬಂಡಿಗಟ್ಟಲೆ ಬಿದ್ದಿತ್ತು. ಯಾವ ಯಾವ ಮನೆಯಿಂದ ಬಂತೆಂದು ಯಾರೂ ಯಾರನ್ನೂ ಕೇಳಲಿಲ್ಲ. ನಿಜವಾಗಿ ಕಾಳಿದ್ದ ನಾಲ್ಕಾರು ಮನೆಯವರು ಬೊಗಸೆ ಬೊಗಸೆಯಾಗಿ ಬೀಜ ಕೂಡಿಸಿ ಹೊಳೆಯಾಚೆಗೆ ಕಳಿಸಿಕೊಟ್ಟರು.

ಇವತ್ತಿಗೂ ಆ ದಾರಿಯಲ್ಲಿ ಹೆಣ್ಣು ನೋಡಲು ಬರುವವರನ್ನು ಹೆಣ್ಣಿನ ಕಡೆಯವರು ಗುಡ್ಡದ ಹತ್ತಿರವೇ ಎದುರುಗೊಳ್ಳುತ್ತಾರೆ. ಎರಡೂ ಕಡೆಯ ಹಿರಿಯರು ಗರಸಿನ ಮೇಲೆ ಕೂತು, ತಮ್ಮ ತಮ್ಮ ಮನೆಯಲ್ಲಿ ಏನಿಲ್ಲ ಎಂಬುದನ್ನು ಮೊದಲು ಹೇಳಿಕೊಳ್ಳಬೇಕು. ಏನಿದೆ ಎಂಬುದು ಆಮೇಲೆ. ಅದಾದ ಮೇಲೆ ಗಂಡಿನ ಕಡೆಯ ಹಿರಿಯಳು ಗುಡ್ಡ ಹತ್ತಿ, ತಳದ ಬಂಡೆಗೆ ಕುಂಕುಮ ಹಚ್ಚಿ, ಒಂದು ಹರಳಿನಿಂದ ತಟ್ಟುತ್ತಾಳೆ. ಒಳಗೂ ಹೊರಗೂ ಗಟ್ಟಿ ಕಲ್ಲೇ ಆದ ಆ ಬಂಡೆ ಬರಿಗಡಿಗೆಯ ಹಾಗೆ ಟಣ್ಣೆನ್ನುತ್ತದೆ.