ವೀಸಾಕ್ಕೊಂದು ಸಾಕ್ಷಿ

ಹೊಲಿಗೆ ಕೆಲಸದ ಪುಷ್ಪಲತಾ ಮದುವೆಯಾಗಬೇಕಿದ್ದ ಲೆವಾನ್ ಜಾರ್ಜಿಯಾ ದೇಶದವನು. ಹಾಸಿಗೆ ಹಿಡಿದಿದ್ದ ಅವಳ ಅಜ್ಜಿಗೆ ಅವನನ್ನೊಮ್ಮೆ ನೋಡುವ ಆಸೆ. ಆದರೆ ಅವನ ಪ್ರವಾಸಿ ವೀಸಾ ಮತ್ತೆ ತಿರಸ್ಕೃತವಾಯಿತು. ಪುಷ್ಪಲತಾ ಇಬ್ಬರೂ ಜೊತೆಗಿದ್ದ ಫೋಟೋ ಹಿಡಿದು, ಕಾಲೆಳೆದುಕೊಂಡು ಹೋಗಿ ವೀಸಾ ಕಚೇರಿಯ ಸಾಹೇಬರ ಮುಂದೆ ನಿಂತಳು.

"ಫೋಟೋದಲ್ಲಿ ಯಾರು ಬೇಕಾದರೂ ನಗ್ತಾರಮ್ಮ. ಸಂಬಂಧ ನಿಜ ಅನ್ನೋದಕ್ಕೆ ಸಾಕ್ಷಿ ಏನು?" ಎಂದರು ಸಾಹೇಬರು.

ಬೇಡಿಕೊಳ್ಳುವ ತ್ರಾಣ ಅವಳಲ್ಲಿ ಉಳಿದಿರಲಿಲ್ಲ. "ಈಗಲೇ ಕೇಳಿಸ್ತೀನಿ ಸಾರ್," ಎಂದು ಲೆವಾನ್‌ಗೆ ಫೋನ್ ಮಾಡಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು. "ಮತ್ತೆ ಆಗಲ್ಲ ಅಂದ್ರು. ಎಲ್ಲಾ ನಿನ್ನಿಂದಲೇ."

"ನಾನು ಹೇಳಿದ್ದೆ. ನೀನು ಕೇಳೋದಿಲ್ಲ," ಎಂದ ಲೆವಾನ್ ಹರಕುಮುರುಕು ಕನ್ನಡದಲ್ಲಿ.

"ಯಾವಾಗ ಹೇಳಿದೆ?"

"ಯಾವಾಗಲೂ ಹೇಳ್ತೀನಿ."

ಸಾಹೇಬರ ಚಹಾ ಆರಿಹೋಗುವವರೆಗೂ ಇದೇ ನಡೆಯಿತು. ಕೊನೆಗೆ ಅವರು ಸೋತವರಂತೆ ಕಡತ ಮತ್ತೆ ಬಿಚ್ಚಿದರು.

"ಸಾಕಮ್ಮ, ಫೋನ್ ಇಡಿ. ಸುಳ್ಳು ಜೋಡಿ ಇಷ್ಟು ಸುಸ್ತಾಗಿ ಜಗಳಾಡೋದಿಲ್ಲ. ಬರಲಿ ಅವನು."