ವಾಲಿದ ಅಕ್ಷರಗಳ ತಗಡು

ನಮ್ಮದು ಮರ್ಯಾದಸ್ಥರ ಮನೆತನ. ಅಜ್ಜಿ ಬಂದರಿನಲ್ಲಿ, ಅಮ್ಮ ರೈಲ್ವೆ ಕಾರ್ಖಾನೆಯಲ್ಲಿ ಗೆರೆ ಎಳೆಸಿದವರು. ಉಕ್ಕಿನ ಸ್ಕೇಲುಗಳಾದ ನಮ್ಮ ಕುಲದಲ್ಲಿ ಯಾರೂ ಸೊಟ್ಟಗೆ ನಡೆದವರಿಲ್ಲ.

ಹಾಗಾಗಿ, ಶೆಡ್ಡಿನ ಮುಂದಿನ ಪೆಟ್ರೋಲ್ ಟ್ಯಾಂಕಿನ ಮೇಲೆ 'ಅಪಾಯ' ಎಂದು ಬರೆಯಲು ಬಂದ, ಅಕ್ಷರ ಕೊರೆದ ಸ್ಟೆನ್ಸಿಲ್ ತಗಡು ನನಗೂ ವಿಚಿತ್ರವಾಗಿ ಕಂಡಿತು. ದಪ್ಪ ದಪ್ಪ ಅಕ್ಷರಗಳೆಲ್ಲ ಮುಂದಕ್ಕೆ ವಾಲಿದ್ದವು. ಅವುಗಳ ನಡುನಡುವೆ ಕೊರೆಯದೆ ಬಿಟ್ಟ ಸಣ್ಣ ಪಟ್ಟಿಗಳಿದ್ದವು. ಬಣ್ಣ ಬಳಿಯುವ ಬ್ರಷ್ಷು ಅಣಕಿಸಿಯೇಬಿಟ್ಟಿತು.

"ಏನಕ್ಕಾ, ಕುಡಿದವಳ ಹಾಗೆ ವಾಲಿದ್ದು ಸಾಲದೆ ಮೈಯೆಲ್ಲ ಮುರಿದುಕೊಂಡು ಬಂದಿದ್ದೀಯಲ್ಲ!"

"ಆ ಪಟ್ಟಿಗಳಿಲ್ಲದಿದ್ದರೆ ಅಕ್ಷರದ ಒಳಭಾಗ ಉದುರಿಹೋಗುತ್ತದೆ, ತಮ್ಮಾ," ಎಂದಿತು ತಗಡು.

"ನೋಡೇಬಿಡೋಣ," ಎಂದ ಬ್ರಷ್ಷು ಉಳಿಯನ್ನು ಪುಸಲಾಯಿಸಿ, ಪಟ್ಟಿಯಿಲ್ಲದ ನೆಟ್ಟಗಿನ ಅಕ್ಷರಗಳ ಹೊಸ ತಗಡು ಕೊರೆಸಿತು. ಅಕ್ಷರಗಳ ಹೊಟ್ಟೆಗಳು ಠಣ್ಣನೆ ನೆಲಕ್ಕೆ ಬಿದ್ದವು. ಬ್ರಷ್ಷು ಲೆಕ್ಕಿಸದೆ ಅದನ್ನೇ ಟ್ಯಾಂಕಿಗಿಟ್ಟು ಬಣ್ಣ ಬಳಿಯಿತು. ಮೂಡಿದ್ದು ಬರೀ ಕೆಂಪು ಮುದ್ದೆಗಳು. ಅದನ್ನು ಓದಲಾಗದ ಲಾರಿ ಡ್ರೈವರ್ ಉರಿಯುವ ಬೀಡಿ ಕಚ್ಚಿಕೊಂಡೇ ಟ್ಯಾಂಕಿನ ಹತ್ತಿರ ಬಂದ. ಕಾವಲುಗಾರ ಓಡಿಬಂದು ಬೀಡಿ ಕಿತ್ತುಕೊಳ್ಳದಿದ್ದರೆ ಇದನ್ನು ಹೇಳಲು ನಾನು ಉಳಿಯುತ್ತಿರಲಿಲ್ಲ.

ಶೆಡ್ಡಿನವರು ಮುದ್ದೆಗಳನ್ನು ಒರೆಸಿ, ಮೊದಲಿನ ತಗಡನ್ನು ಇಟ್ಟು ಬಣ್ಣ ಬಳಿದರು. ತಗಡನ್ನು ತೆಗೆದಾಗ ನೋಡುತ್ತೇನೆ, ಆಳೆತ್ತರದ ಆ ಅಕ್ಷರಗಳು, ಬರುವವರನ್ನು ತಡೆಯಲು ಮುಂದಕ್ಕೆ ಓಡುತ್ತಿರುವಂತಿದ್ದವು! ಮುಂದಿನ ಲಾರಿಯವನು ಗೇಟಿನಲ್ಲೇ ಬೀಡಿ ಹೊಸಕಿ ಹಾಕಿದ. ಹುಟ್ಟಿನಿಂದ ನೆಟ್ಟಗೆ ನಿಂತ ನಾನು ವಾಲಿದವಳೊಬ್ಬಳಿಗೆ ತಲೆಬಾಗಿದೆ.

ಬ್ರಷ್ಷೇ, ಕೂದಲು ತೊಳೆದುಕೊಂಡು ಬಾ. ತಗಡಕ್ಕನ ಕ್ಷಮೆ ಕೇಳು.